ಕರಗ ಗುಡಿ ಸೇರಿದೆ: ಪೇಟೆಯ ಎಲ್ಲ ಕೈಗಳಿಗೂ ನಮಸ್ಕಾರ

ಚೈತ್ರ ಹುಣ್ಣಿಮೆಯ ನಡುರಾತ್ರಿ ಹೊರಟ ಬೆಂಗಳೂರು ಕರಗ, ಅಂದರೆ ದ್ರೌಪದಿಯ ಶಕ್ತಿಯೆಂದು ತಲೆಯ ಮೇಲೆ ಹೊರುವ ಹೂವಿನ ಕಳಶ, ಹಳೆಯ ಪೇಟೆ ಸುತ್ತಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಗೆ ಮರಳಿತು. ಕರಗದ ನಂತರದ ಶಾಂತಿಪೂಜೆಯಾದ ಗಾವು ಶಾಂತಿ ಆಯಿತು, ವಸಂತೋತ್ಸವ ಮುಗಿದು ಧ್ವಜವೂ ಇಳಿಯಿತು. ಹನ್ನೊಂದು ದಿನದ ಉತ್ಸವ ಸುಸೂತ್ರವಾಗಿ ನಡೆಯಿತು ಎಂದರೆ ಅದಕ್ಕೆ ದುಡಿದವರ ಸಂಖ್ಯೆ ದೊಡ್ಡದು. ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಅಚ್ಚಾಗದವರಿಗೇ ಈ ಬರಹದಲ್ಲಿ ಮೊದಲ ವಂದನೆ.

ಕರಗ ಹೊತ್ತವರು ಅದನ್ನು ಕೈಯಿಂದ ಮುಟ್ಟುವಂತಿಲ್ಲ. ಒಂದು ಕೈಯಲ್ಲಿ ಬಾಕು, ಇನ್ನೊಂದರಲ್ಲಿ ಕೋಲು. ತಲೆಯ ಮೇಲೆ ಮಲ್ಲಿಗೆಯ ಗೋಪುರ. ತಲೆ ಬಗ್ಗಿಸಿ ಕಾಲಡಿ ನೋಡುವ ಹಾಗಿಲ್ಲ, ತಂತಿ ಅಡ್ಡ ಬಂತೆಂದು ಬಾಗುವ ಹಾಗಿಲ್ಲ. ಆದ್ದರಿಂದ ಅವರು ಹೆಜ್ಜೆ ಇಡುವ ಮೊದಲೇ ಕೆಳಗಿನ ನೆಲವೂ ಮೇಲಿನ ಗಾಳಿಯೂ ಸರಿಯಾಗಿರಬೇಕು. ಅವರು ಬಳಸಲಾಗದ ಕೈಗಳ ಕೆಲಸವನ್ನು ಊರಿನ ಕೈಗಳು ಮುಂಚೆಯೇ ಮಾಡಿ ಮುಗಿಸಿರಬೇಕು. ನಾವು ನೆನೆಯುತ್ತಿರುವುದು ಆ ಕೈಗಳನ್ನು.

ನೆಲದಿಂದಲೇ ಶುರು ಮಾಡುತ್ತೇವೆ. ನಗರ್ತಪೇಟೆ, ಕಬ್ಬನ್‌ಪೇಟೆ, ಗಾಣಿಗರಪೇಟೆಯ ಗಲ್ಲಿಗಳಲ್ಲಿ ಚರಂಡಿಯ ಮೇಲಿನ ಚಪ್ಪಡಿಯೇ ದಾರಿ. ನೋಡಲು ಗಟ್ಟಿಯಾಗಿ ಕಾಣುವ ಚಪ್ಪಡಿ ಒಂದು ಮೂಲೆಯಲ್ಲಿ ಮಾತ್ರ ಆಧಾರ ಕಳೆದುಕೊಂಡಿರುತ್ತದೆ; ಒಬ್ಬರು ನಡೆದಾಗ ಏನೂ ಆಗದು, ನೂರು ಜನ ಒಟ್ಟಿಗೆ ಓಡಿದಾಗ ಮಗುಚುತ್ತದೆ. ಹಾರೆಯ ಹಿಡಿಯಿಂದ ಒಂದೊಂದನ್ನೂ ತಟ್ಟಿ, ಪೊಳ್ಳು ಸದ್ದು ಬಂದಲ್ಲಿ ಸುಣ್ಣದ ಗುರುತು ಹಾಕಿ, ಅಲ್ಲಾಡುವ ಕಲ್ಲಿಗೆ ಚಕ್ಕೆ ಕೊಟ್ಟು ಗಾರೆ ತುಂಬಿದ ಪಾಲಿಕೆಯ ಕೆಲಸಗಾರರಿಗೆ ಮತ್ತು ಗಾರೆ ಮೇಸ್ತ್ರಿಗಳಿಗೆ ಅನಂತ ನಮಸ್ಕಾರ. ಅವರು ಈ ಕೆಲಸವನ್ನು ಧ್ವಜಾರೋಹಣಕ್ಕೆ ಮೊದಲೇ ಮುಗಿಸಿದ್ದೇ ದೊಡ್ಡ ಉಪಕಾರ. ಸಿಮೆಂಟಿಗೆ ಕನಿಷ್ಠ ಏಳು ದಿನ ನೀರು ಕುಡಿಸಬೇಕು. ಹಿಂದಿನ ದಿನ ಮೆತ್ತಿದ ತೇಪೆ ಬರಿಗಾಲ ತುಳಿತಕ್ಕೆ ಪುಡಿಯಾಗಿ, ಅದರ ಜಲ್ಲಿಯೇ ಕಾಲಿಗೆ ಚುಚ್ಚುತ್ತದೆ.

ಮೇಲಿನ ಕೆಲಸ ಇನ್ನೂ ನಾಜೂಕಿನದು. ಕರಗದ ಹಿಂದೆ ಧರ್ಮರಾಯನ ರಥವಿದೆ, ಪೇಟೆಯ ಬೇರೆ ಬೇರೆ ಗುಡಿಗಳ ಉತ್ಸವಮೂರ್ತಿಗಳ ಹೂವಿನ ಪಲ್ಲಕ್ಕಿಗಳಿವೆ. ಅವುಗಳಲ್ಲಿ ಅತಿ ಎತ್ತರದ್ದನ್ನು ಅಳೆದು, ಅದಕ್ಕಿಂತ ಎರಡು ಅಡಿ ಉದ್ದದ ಒಣ ಬಿದಿರು ಗಳ ಹಿಡಿದು ದಾರಿಯುದ್ದಕ್ಕೂ ನಡೆಯುವುದು ಮೊದಲ ಹೆಜ್ಜೆ. ಹಸಿ ಬಿದಿರಾಗಲಿ ಕಬ್ಬಿಣದ ಪೈಪಾಗಲಿ ಕೂಡದು, ಕರೆಂಟು ಹರಿಯುತ್ತದೆ. ಈ ನಡಿಗೆಯನ್ನು ಮಧ್ಯಾಹ್ನದ ಬಿಸಿಲಿನಲ್ಲೇ ಮಾಡಬೇಕು, ಏಕೆಂದರೆ ಕಾದ ತಂತಿ ಹೆಚ್ಚು ಜೋತು ಬೀಳುತ್ತದೆ. ಮಧ್ಯಾಹ್ನ ಎತ್ತರ ಸಾಕಾದರೆ ರಾತ್ರಿಯೂ ಸಾಕು. ಬೆಸ್ಕಾಂ ಲೈನ್‌ಮನ್ ಅಣ್ಣಂದಿರು ತಗ್ಗಿದ್ದ ತಂತಿಗಳನ್ನು ಎಳೆದು ಬಿಗಿದರು. ಮೆರವಣಿಗೆ ಒಂದು ಬೀದಿಗೆ ಕಾಲಿಟ್ಟಾಗ ಆ ಬೀದಿಯದಷ್ಟೇ ಲೈನು ತೆಗೆದು, ದಾಟಿದ ಕೂಡಲೇ ಕೊಟ್ಟರು. ಇಡೀ ಪೇಟೆ ಕತ್ತಲಾಗಿದ್ದರೆ ನೂಕುನುಗ್ಗಲು ಹೆಚ್ಚುತ್ತಿತ್ತು.

ನಿಜವಾದ ತೊಂದರೆ ಕೊಡುವುದು ಕರೆಂಟಿನ ತಂತಿಯಲ್ಲ, ಟಿವಿ ಮತ್ತು ಇಂಟರ್‌ನೆಟ್ ಕೇಬಲ್. ಯಾವುದು ಯಾರದು ಎಂಬ ಗುರುತಿಲ್ಲದೆ ಒಂದರ ಮೇಲೊಂದು ಸುತ್ತಿಕೊಂಡಿರುತ್ತದೆ. ಕತ್ತರಿಸಿದರೆ ನೂರಾರು ಅಂಗಡಿಗಳ ವ್ಯವಹಾರ ನಿಲ್ಲುತ್ತದೆ, ಬಿಟ್ಟರೆ ಪಲ್ಲಕ್ಕಿಯ ಕಳಸಕ್ಕೆ ಸಿಕ್ಕುತ್ತದೆ. ಕೇಬಲ್ ಹುಡುಗರು ಏಣಿ ಹೊತ್ತು ಬಂದು, ಸತ್ತ ಎಳೆಗಳನ್ನು ಕಿತ್ತು, ಜೀವ ಇರುವವನ್ನು ಕಟ್ಟಾಗಿ ಬಿಗಿದು ಗೋಡೆಯ ಕೊಕ್ಕೆಗೆ ಏರಿಸಿಕೊಟ್ಟರು. ಇದು ವರ್ಷವಿಡೀ ಹಾಗೆಯೇ ಉಳಿಯಲಿ ಎಂಬುದು ನಮ್ಮ ಬೇಡಿಕೆ.

ಈಗ ಹೂವಿನ ಮಾತು. ಕೆ.ಆರ್. ಮಾರುಕಟ್ಟೆಯ ಹೂವಿನ ಮಂಡಿಯವರಿಗೆ, ಮೊಳಗಟ್ಟಲೆ ಕಟ್ಟಿಕೊಟ್ಟ ಅಕ್ಕಂದಿರಿಗೆ ಎಷ್ಟು ಹೇಳಿದರೂ ಕಡಿಮೆಯೇ. ದುಂಡು ಮಲ್ಲಿಗೆ ಸಂಜೆಯ ಮೇಲೆ ಅರಳುವ ಹೂವು. ನಡುರಾತ್ರಿ ಕಳೆದ ಮೇಲೆ ಕರಗಕ್ಕೆ ಎರಚಲು ಬೇಕಾದರೆ ಬೆಳಿಗ್ಗೆ ಕಿತ್ತ ಗಟ್ಟಿ ಮೊಗ್ಗನ್ನೇ ಆರಿಸಬೇಕು. ಬಿದಿರು ಬುಟ್ಟಿಗೆ ಒದ್ದೆ ಬಟ್ಟೆ ಹಾಸಿ, ಮೊಗ್ಗು ಸಡಿಲವಾಗಿ ಹರಡಿ, ಮೇಲೆ ಮತ್ತೊಂದು ಒದ್ದೆ ಬಟ್ಟೆ ಹೊದಿಸಿದರೆ ರಾತ್ರಿಯವರೆಗೂ ಬಿಳುಪು ಕೆಡದು. ಪ್ಲಾಸ್ಟಿಕ್ ಚೀಲದಲ್ಲಿ ತುರುಕಿದ ಹೂವು ತನ್ನದೇ ಬಿಸಿಗೆ ಬೆವರಿ, ಸಂಜೆಯೊಳಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಎರಚುವ ಬಗೆ. ಬಿಡಿ ಹೂವು ಎರಚಿದವರಿಗೆ ವಿಶೇಷ ಧನ್ಯವಾದ. ಕಟ್ಟಿದ ಮಾಲೆ ಎಸೆದರೆ ಅದು ಕಾಲ್ಬೆರಳಿಗೆ ಸುತ್ತಿಕೊಂಡು ಎಡವಿಸುತ್ತದೆ. ಚೀಲದ ಸಮೇತ ಎಸೆದರೆ ಅದು ಹೂವಲ್ಲ, ಏಟು. ಮಹಡಿಯಿಂದ ಎರಚುವವರು ಕೈಯನ್ನು ಮೇಲೆತ್ತಿ ಬಿಡಬೇಕೇ ಹೊರತು ಗುರಿಯಿಟ್ಟು ಹೊಡೆಯಬಾರದು. ಹಾಗೆ ಬಿಟ್ಟ ಹೂವು ತಾನಾಗಿ ಕರಗದ ಮೇಲೆ ಇಳಿಯುತ್ತದೆ. ಕಬ್ಬನ್‌ಪೇಟೆಯ ಮಹಡಿಗಳಲ್ಲಿ ನಿಂತಿದ್ದ ಮಕ್ಕಳಿಗೆ ಇದನ್ನು ಹೇಳಿಕೊಟ್ಟ ಹಿರಿಯರಿಗೆ ನಾವು ಋಣಿಗಳು.

ದಾರಿಯ ಮನೆಗಳ ತಾಯಂದಿರು ರಂಗೋಲಿಯನ್ನು ಬಾಗಿಲ ಕಡೆಗೆ ಸರಿಸಿ ಬಿಡಿಸಿ, ನಡುವೆ ನಾಲ್ಕು ಅಡಿ ಖಾಲಿ ಬಿಟ್ಟರು. ರಂಗೋಲಿ ಪುಡಿ ಒದ್ದೆ ಕಲ್ಲಿನ ಮೇಲೆ ಸೋಪಿನಂತೆ ಜಾರುತ್ತದೆ. ನೀರು ಹಾಕಿ ತೊಳೆಯುವುದನ್ನು ಸಂಜೆ ಆರರೊಳಗೆ ಮುಗಿಸಿದ್ದರಿಂದ ನೆಲ ಒಣಗಲು ಹೊತ್ತು ಸಿಕ್ಕಿತು. ಕರ್ಪೂರವನ್ನು ರಸ್ತೆಯ ಮೇಲೆ ಹಚ್ಚದೆ ಮಣ್ಣಿನ ತಟ್ಟೆಯಲ್ಲಿಟ್ಟು ಬೆಳಗಿದವರಿಗೂ ನಮಸ್ಕಾರ. ಡಾಂಬರಿನ ಮೇಲೆ ಉರಿದ ಕರ್ಪೂರ ಡಾಂಬರನ್ನೂ ಮೆತ್ತಗಾಗಿಸಿ, ಕತ್ತಿ ಹಿಡಿದು ಕರಗವನ್ನು ಕಾಯುವ ಬರಿಗಾಲಿನ ವೀರಕುಮಾರರ ಅಂಗಾಲಿಗೆ ಅಂಟಿ ಬೊಬ್ಬೆ ಏಳಿಸುತ್ತದೆ.

ಹುಣ್ಣಿಮೆಗೆ ಎರಡು ರಾತ್ರಿ ಮೊದಲು, ಸಂಪಂಗಿ ಕೆರೆಯ ಬಳಿ ಪೂಜಿಸಿ ಕರಗವನ್ನು ಗುಡಿಗೆ ತರುವ ಹಸಿ ಕರಗ. ಒಂದು ಕಾಲಕ್ಕೆ ಊರಿಗೆ ನೀರು ಕೊಡುತ್ತಿದ್ದ ಸಂಪಂಗಿ ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣ ನಿಂತಿದೆ. ಕೆರೆಯ ನೆನಪಿಗೆ ಉಳಿದಿರುವುದು ಒಂದು ಚಿಕ್ಕ ಕೊಳ. ಕರಗದ ಕಾರಣಕ್ಕಾದರೂ ಅಷ್ಟು ನೀರು ಉಳಿಯಿತಲ್ಲ ಎಂಬುದೇ ಸಮಾಧಾನ. ಅದನ್ನು ಶುಚಿ ಮಾಡಿದವರು ಬಲೆಯಿಂದ ತೇಲುವ ಕಸ ಎತ್ತಿದರು, ಮೆಟ್ಟಿಲ ಪಾಚಿಯನ್ನು ಒರಟು ಮರಳು ಹಾಕಿ ತೆಂಗಿನ ನಾರಿನಿಂದ ಉಜ್ಜಿದರು. ಬೇಗ ಆಗಲಿ ಎಂದು ಆಸಿಡ್ ಸುರಿಯಲಿಲ್ಲ. ಆಸಿಡ್ ಪಾಚಿಯ ಜೊತೆಗೆ ಕಲ್ಲಿನ ಸಂದಿಯ ಗಾರೆಯನ್ನೂ ತಿನ್ನುತ್ತದೆ, ಕೊಳದ ಮೀನನ್ನೂ ಕೊಲ್ಲುತ್ತದೆ.

ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾದ ಹಿರಿಯರಿಗೆ ಕೈಮುಗಿದು ವಂದಿಸುತ್ತೇವೆ. ಕರಗ ಅಲ್ಲಿಗೆ ಹೋಗಿಯೇ ಮುಂದೆ ಸಾಗುವುದು ಸಂಪ್ರದಾಯ. ಹೊಸ್ತಿಲ ಮುಂದಿನ ಚಪ್ಪಲಿಗಳನ್ನೆಲ್ಲ ತೆಗೆಸಿ, ದಾರಿ ತೊಳೆದು, ಅಷ್ಟು ಜನ ಒಮ್ಮೆಗೇ ಬಂದರೂ ಒಳಬರುವವರಿಗೂ ಹೊರಹೋಗುವವರಿಗೂ ಬೇರೆ ಬೇರೆ ಜಾಗ ಬಿಡಿಸಿ ನಿಲ್ಲುತ್ತಾರೆ. ಕೋವಿಡ್‌ನಿಂದ 2020 ಮತ್ತು 2021ರಲ್ಲಿ ಆಚರಣೆ ಗುಡಿಯ ಆವರಣದೊಳಗೇ ನಡೆಯಿತು. ಮತ್ತೆ ಬೀದಿಗೆ ಬಂದ 2022ರಲ್ಲೂ, 2023ರಲ್ಲೂ ಕರಗದ ರಾತ್ರಿ ರಂಜಾನ್ ಉಪವಾಸದ ತಿಂಗಳಲ್ಲೇ ಬಿತ್ತು. ಆ ಉಪವಾಸದ ನಡುವೆಯೂ ದರ್ಗಾ ಕರಗವನ್ನು ಬರಮಾಡಿಕೊಂಡಿದ್ದನ್ನು ಪೇಟೆ ಮರೆಯುವುದಿಲ್ಲ.

ಅರವಟ್ಟಿಗೆ ಇಟ್ಟವರು ಎಷ್ಟೋ ಜನ. ಮುಂದಿನ ವರ್ಷ ಇಡುವವರಿಗೆ ಉಪಯೋಗವಾಗಲೆಂದು ಅವರ ಲೆಕ್ಕವನ್ನೇ ಇಲ್ಲಿ ಕೊಡುತ್ತೇವೆ. ಮಜ್ಜಿಗೆಗೆ ಹತ್ತು ಲೀಟರ್ ಮೊಸರು, ನಲವತ್ತು ಲೀಟರ್ ನೀರು, 300 ಗ್ರಾಂ ಉಪ್ಪು; ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕುವುದು ಕೊನೆಗೆ. ಪಾನಕಕ್ಕೆ ಹತ್ತು ಲೀಟರ್ ನೀರಿಗೆ ಒಂದೂವರೆ ಕಿಲೋ ಬೆಲ್ಲ, ಇಪ್ಪತ್ತು ನಿಂಬೆಹಣ್ಣು, ಏಲಕ್ಕಿ, ಒಣಶುಂಠಿ. ಬೆಲ್ಲವನ್ನು ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸದಿದ್ದರೆ ತಳದಲ್ಲಿ ಮರಳು ಸಿಗುತ್ತದೆ. ಎರಡಕ್ಕೂ ಮಾರುಕಟ್ಟೆಯ ಐಸ್ ಗಡ್ಡೆ ಹಾಕಬೇಡಿ, ಅದು ಕುಡಿಯುವ ನೀರಿನದೆಂಬ ಖಾತ್ರಿಯಿಲ್ಲ. ಪಾತ್ರೆಯ ಹೊರಗೆ ಸುತ್ತ ಇಟ್ಟರೆ ಸಾಕು. ಕೋಸಂಬರಿಯ ಹೆಸರುಬೇಳೆ ಎರಡು ಗಂಟೆಗಿಂತ ಹೆಚ್ಚು ನೆನೆಯಬಾರದು. ಉಪ್ಪು, ನಿಂಬೆರಸ ಬಡಿಸುವ ಹೊತ್ತಿಗೆ ಬೆರೆಸಬೇಕು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ರಾತ್ರಿಯ ಸೆಕೆಗೆ ಹಳಸುತ್ತದೆ. ಅಡಿಕೆ ಹಾಳೆಯ ದೊನ್ನೆ ಬಳಸಿದವರಿಗೆ ಇನ್ನೊಂದು ನಮಸ್ಕಾರ. ಕಾಗದದ ಲೋಟವೆಂದು ಕೊಳ್ಳುವುದರ ಒಳಮೈಗೆ ಪ್ಲಾಸ್ಟಿಕ್ ಪೊರೆ ಇರುತ್ತದೆ, ಅದು ಗೊಬ್ಬರವಾಗುವುದಿಲ್ಲ.

ಪ್ರಥಮ ಚಿಕಿತ್ಸೆಯ ಮೇಜಿನಲ್ಲಿ ಕೂತ ನರ್ಸ್ ಅಕ್ಕಂದಿರು ಸುಸ್ತಾದವರಿಗೆ ಬರಿ ನೀರು ಕೊಡದೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದರು. ಇಷ್ಟೇ ಸಾಕಾಗುತ್ತದೆ, ಸಮಯಕ್ಕೆ ಸಿಕ್ಕರೆ.

ವೀರಕುಮಾರರಿಗೆ ನಾವು ಬೇರೆಯಾಗಿ ಏನು ಹೇಳೋಣ! ಬಿಚ್ಚುಗತ್ತಿ ಹಿಡಿದು ಕರಗದ ಸುತ್ತ ಕೋಟೆ ಕಟ್ಟಿ, ಕತ್ತಿಯನ್ನು ತಮ್ಮ ಎದೆಗೆ ಬಡಿದುಕೊಳ್ಳುವ ಅಲಗು ಸೇವೆ ಸಲ್ಲಿಸುತ್ತ, ನೂಕುವ ಜನದ ನಡುವೆಯೂ ಒಬ್ಬರಿಗೂ ಅಲಗು ತಾಕದಂತೆ ರಾತ್ರಿಯಿಡೀ ಓಡುವುದು ಶಿಸ್ತಿನ ಪರಮಾವಧಿ. ಗೌಡರು, ಗಣಾಚಾರಿಗಳು, ಗಂಟೆ ಪೂಜಾರಿಗಳು, ಚಾಕ್ರಿದಾರರು ಹೀಗೆ ಕರಗದ ವಿಧಿಗಳನ್ನು ನಡೆಸುವ ವಹ್ನಿಕುಲ ಕ್ಷತ್ರಿಯ (ತಿಗಳ) ಸಮುದಾಯದ ಎಲ್ಲ ಮನೆತನಗಳು ಈ ಸೇವೆಯನ್ನು ತಲೆಮಾರುಗಳಿಂದ ಹೊತ್ತು ತಂದಿವೆ. ಕರಗ ಹೊತ್ತವರ ತಿಂಗಳುಗಟ್ಟಲೆಯ ವ್ರತಕ್ಕೆ ತಲೆಬಾಗುತ್ತೇವೆ. ಅವರ ಮನೆಯಾಕೆ ತಮ್ಮ ತಾಳಿ, ಬಳೆಗಳನ್ನು ಪತಿಗೆ ಒಪ್ಪಿಸಿ ಉತ್ಸವ ಮುಗಿಯುವವರೆಗೆ ದೂರವೇ ಉಳಿಯುತ್ತಾರೆ, ಊರೆಲ್ಲ ನೋಡುವ ಕರಗವನ್ನು ಅವರು ನೋಡುವುದಿಲ್ಲ. ಆ ತಾಯಿಗೆ ನಮ್ಮೆಲ್ಲರ ಸಾಷ್ಟಾಂಗ ನಮಸ್ಕಾರ. ಅವರ ತ್ಯಾಗವನ್ನು ಪೇಟೆ ಇನ್ನೂ ಗಟ್ಟಿ ದನಿಯಲ್ಲಿ ನೆನೆಯಬೇಕಿತ್ತು ಎಂದು ನಮಗೆ ಅನಿಸುತ್ತದೆ.

ಕರಗ ಗುಡಿ ಸೇರಿದ ಮೇಲೆ ಕೆಲಸ ಶುರುವಾಗುವುದು ಪೌರಕಾರ್ಮಿಕರಿಗೆ. ಬೆಳಗಿನ ಬಿಸಿಲು ಏರುವ ಮುನ್ನ ಹೂವು ಎತ್ತದಿದ್ದರೆ ಅದು ತುಳಿತಕ್ಕೆ ಸಿಕ್ಕಿ ಲೋಳೆಯಾಗಿ ಚರಂಡಿ ಕಟ್ಟುತ್ತದೆ. ಅವರು ಹೂವನ್ನೂ ಒಣಕಸವನ್ನೂ ರಸ್ತೆಯಲ್ಲೇ ಬೇರೆ ಮಾಡಿದರು. ಬಾಳೆನಾರಿನಲ್ಲಿ ಕಟ್ಟಿದ ಮಾಲೆ ಹಾಗೆಯೇ ಗೊಬ್ಬರದ ಗುಂಡಿಗೆ ಹೋಗುತ್ತದೆ. ನೈಲಾನ್ ದಾರದ ಮಾಲೆಯನ್ನು ಕೈಯಿಂದ ಬಿಡಿಸಬೇಕು, ಇಲ್ಲವಾದರೆ ಪುಡಿ ಮಾಡುವ ಯಂತ್ರದ ಅಲಗಿಗೆ ಸುತ್ತಿಕೊಳ್ಳುತ್ತದೆ. ಬರೀ ಹೂವು ರಾಶಿ ಹಾಕಿದರೆ ಎರಡೇ ದಿನಕ್ಕೆ ನಾರುತ್ತದೆ. ಒಂದು ಬುಟ್ಟಿ ಹೂವಿಗೆ ಎರಡು ಬುಟ್ಟಿ ಒಣ ತರಗೆಲೆ ಪದರ ಪದರವಾಗಿ ಹಾಕಿ, ವಾರಕ್ಕೊಮ್ಮೆ ತಿರುವಿದರೆ ಸುಮಾರು ಎರಡು ತಿಂಗಳಿಗೆ ಗೊಬ್ಬರ ಸಿದ್ಧ. ತರಗೆಲೆಯನ್ನು ಮಾಘದಿಂದಲೇ ಚೀಲದಲ್ಲಿ ಕೂಡಿಟ್ಟುಕೊಟ್ಟ ಮನೆಗಳಿಗೂ ಧನ್ಯವಾದ.

ಬಾಡಿಗೆ ಬಾಂಡಲಿ, ಡ್ರಮ್ಮುಗಳು ಬಹುತೇಕ ಹಿಂತಿರುಗಿವೆ. ಪೆಂಡಾಲಿನ ಗೂಟ ನೆಟ್ಟ ಗುಂಡಿಗಳು ಕೆಲವು ಬೀದಿಗಳಲ್ಲಿ ಇನ್ನೂ ತೆರೆದಿವೆ. ಮಣ್ಣು ತುಂಬಿದರೆ ಮೊದಲ ಮಳೆಗೇ ಕುಸಿಯುತ್ತದೆ, ಜಲ್ಲಿ ಹಾಕಿ ದಮ್ಮಸ್ಸು ಮಾಡಿ ಮೇಲೆ ಕಾಂಕ್ರೀಟ್ ಹಾಕಬೇಕು. ಈ ವಾರ ಆ ಕೆಲಸಕ್ಕೆ ಹಾರೆ, ಗುದ್ದಲಿ ಹಿಡಿದು ಬರುವವರಿಗೆ ಮುಂಗಡವಾಗಿಯೇ ನಮಸ್ಕಾರ.