ಊತ ಇಳಿದ ಮಾತ್ರಕ್ಕೆ ಉಳುಕು ವಾಸಿಯಾಗುವುದಿಲ್ಲ

ಮಾನ್ಯ ಸಂಪಾದಕರೇ,

ಶಾಲಾ ಕ್ರೀಡಾಕೂಟಗಳು ಆರಂಭವಾಗಿವೆ. ಹೋಬಳಿ ಮಟ್ಟದಲ್ಲಿ ಗೆದ್ದ ಕಬಡ್ಡಿ, ಕೊಕ್ಕೊ, ವಾಲಿಬಾಲ್ ತಂಡಗಳು ಸ್ವಲ್ಪ ದಿನಗಳಲ್ಲೇ ತಾಲ್ಲೂಕು ಮಟ್ಟಕ್ಕೂ ಅಲ್ಲಿಂದ ಜಿಲ್ಲಾ ಮಟ್ಟಕ್ಕೂ ಹೋಗಬೇಕಾಗಿರುವುದರಿಂದ, ಈ ನಡುವೆ ಕಾಲು ಉಳುಕಿಸಿಕೊಂಡ ಮಕ್ಕಳಿಗೆ ಸಾಮಾನ್ಯವಾಗಿ ಸಿಗುವುದು ಒಂದು ಕ್ರೇಪ್ ಬ್ಯಾಂಡೇಜು, ನಾಲ್ಕು ನೋವಿನ ಮಾತ್ರೆ ಮತ್ತು ‘ಊತ ಇಳಿದ ಮೇಲೆ ಆಡು’ ಎಂಬ ಮಾತು. ದೈಹಿಕ ಶಿಕ್ಷಣ ಶಿಕ್ಷಕನಾಗಿ ಬಹುಕಾಲ ಮೈದಾನದಲ್ಲಿದ್ದ ನನ್ನ ತಕರಾರು ಈ ಮಾತಿನ ಬಗ್ಗೆಯೇ.

ಜಿಗಿದು ಕೆಳಗಿಳಿಯುವಾಗ ಪಾದ ಒಳಕ್ಕೆ ಮಡಚಿಕೊಂಡರೆ ಕಣಕಾಲಿನ ಹೊರಬದಿಯಲ್ಲಿ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿದಿರುವ ಲಿಗಮೆಂಟುಗಳು ಹಿಗ್ಗುತ್ತವೆ, ಇಲ್ಲವೇ ಹರಿಯುತ್ತವೆ. ಉಳುಕುಗಳಲ್ಲಿ ಬಹುಪಾಲು ಇದೇ ಬಗೆಯವು. ಆದರೆ ಲಿಗಮೆಂಟಿನ ಕೆಲಸ ಕಟ್ಟಿಹಿಡಿಯುವುದಷ್ಟೇ ಅಲ್ಲ. ಪಾದ ಎತ್ತ ವಾಲುತ್ತಿದೆ ಎಂಬುದನ್ನು ಮಿದುಳಿಗೆ ತಿಳಿಸುವ ನರತುದಿಗಳೂ ಅದರಲ್ಲಿವೆ. ಪೆಟ್ಟಾದಾಗ ಆ ಅರಿವೂ ಮಂದವಾಗುವುದರಿಂದ, ನೋವು ಹೋದ ಮೇಲೂ ಹಳ್ಳದಿಣ್ಣೆಯ ನೆಲದಲ್ಲಿ ಕಾಲು ತಟ್ಟನೆ ಹೊರಳಿಬಿಡುತ್ತದೆ. ಇಂಗ್ಲೆಂಡಿನ ವೈದ್ಯ ಫ್ರೀಮನ್ ಮತ್ತು ಸಂಗಡಿಗರು 1965ರಲ್ಲೇ ಇದನ್ನು ಗುರುತಿಸಿ, ಸಮತೋಲನದ ವ್ಯಾಯಾಮ ಮಾಡಿಸಿದವರಲ್ಲಿ ಈ ತೊಂದರೆ ಕಡಿಮೆಯಾಗುವುದನ್ನು ತೋರಿಸಿದ್ದರು. ಒಮ್ಮೆ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕುವುದನ್ನು ಕಂಡು ‘ಅವನ ಕಾಲೇ ಅಷ್ಟು’ ಎಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು.

ಮೊದಲ ಒಂದೆರಡು ದಿನಗಳ ಆರೈಕೆ ಎಲ್ಲರಿಗೂ ಗೊತ್ತಿರುವುದೇ: ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾಗಿ ಬಿಗಿದ ಪಟ್ಟಿ, ಕಾಲನ್ನು ಎತ್ತರದಲ್ಲಿ ಇಟ್ಟುಕೊಳ್ಳುವುದು. ಹುಣಸೆಹಣ್ಣು, ಉಪ್ಪಿನ ಪಟ್ಟು ಹಾಕುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅದೇ ದಿನ ಉಳುಕು ತೆಗೆಯುವವರ ಬಳಿಗೆ ಕರೆದೊಯ್ದು ಬಲವಾಗಿ ನೀವಿಸಿ, ಎಳೆಸಿ, ತಿರುಚಿಸುವುದರಿಂದ ಒಳಗಿನ ರಕ್ತಸ್ರಾವವೂ ಊತವೂ ಹೆಚ್ಚುತ್ತವೆ. ಮೂಳೆ ಮುರಿದಿದ್ದರಂತೂ ಅಪಾಯವೇ ಸರಿ. ಎಕ್ಸ್‌ರೇ ಯಾರಿಗೆ ಬೇಕೆಂಬುದಕ್ಕೆ ಕೆನಡಾದ ಒಟ್ಟಾವಾದಲ್ಲಿ ರೂಪುಗೊಂಡು 1992ರಲ್ಲಿ ಪ್ರಕಟವಾದ ಸರಳ ನಿಯಮಗಳಿವೆ. ಪೆಟ್ಟಾದ ಕೂಡಲೇ ಮತ್ತು ವೈದ್ಯರ ಮುಂದೆ ಎರಡೂ ಬಾರಿ ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಅಥವಾ ಕಣಕಾಲಿನ ಎರಡು ಬದಿಯ ಉಬ್ಬುಮೂಳೆಗಳ ಹಿಂಬದಿಯನ್ನೋ ತುದಿಯನ್ನೋ ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಪಾದದ ನಡುಭಾಗದ ನೋವಿಗೂ ಇಂಥದೇ ನಿಯಮಗಳಿವೆ. ಇವನ್ನು ಕಲಿಯಲು ದೈಹಿಕ ಶಿಕ್ಷಕರಿಗೆ ಅರ್ಧ ದಿನದ ತರಬೇತಿ ಸಾಕು.

ಮೂಳೆ ಮುರಿದಿಲ್ಲವೆಂದು ಖಚಿತವಾದ ಮೇಲೆ, ಸಾಧಾರಣ ಉಳುಕಿನಲ್ಲಿ ನೋವಿನ ಮಿತಿಯೊಳಗೆ ಬೇಗನೆ ಕಾಲಾಡಿಸಲು ತೊಡಗುವುದೇ ಹಿತ. ಲಿಗಮೆಂಟು ಪೂರ್ತಿ ಹರಿದ ತೀವ್ರ ಉಳುಕಿಗೆ ಮಾತ್ರ ಹತ್ತು ದಿನಗಳಷ್ಟು ಕಾಲ ಪ್ಲಾಸ್ಟರೋ ಕಣಕಾಲನ್ನು ಬಿಗಿಹಿಡಿಯುವ ಬ್ರೇಸೋ ನೆರವಾಗಬಹುದು. ಕುಳಿತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಆಇಈ ಬರೆಯುವುದು, ಪಾದಕ್ಕೆ ಟವೆಲ್ ಹಾಕಿ ತನ್ನತ್ತ ಎಳೆದುಕೊಂಡು ಮೀನಖಂಡವನ್ನು ಸಡಿಲಿಸುವುದು ಆರಂಭದ ವ್ಯಾಯಾಮಗಳು. ಆಮೇಲೆ ರಬ್ಬರ್ ಪಟ್ಟಿಗೆ ಎದುರಾಗಿ ಪಾದವನ್ನು ಹೊರಕ್ಕೆ ತಳ್ಳಬೇಕು. ಪಟ್ಟಿ ಸಿಗದಿದ್ದರೆ ಹಳೆಯ ಸೈಕಲ್ ಟ್ಯೂಬಿನ ತುಂಡೂ ಆದೀತು. ಬಳಿಕ ಹಿಮ್ಮಡಿ ಎತ್ತಿ ಇಳಿಸುವುದು, ಉಳುಕಿದ ಕಾಲೊಂದರ ಮೇಲೆಯೇ ಅರ್ಧ ನಿಮಿಷ ನಿಲ್ಲುವುದು, ಅದು ಸಲೀಸಾದರೆ ಕಣ್ಣು ಮುಚ್ಚಿ, ಮಡಚಿದ ಚಾಪೆಯ ಮೇಲೆ ನಿಲ್ಲುವುದು. ಕೊನೆಗೆ ಒಂಟಿಕಾಲಿನ ಕುಪ್ಪಳಿಕೆ, ಓಡುತ್ತಲೇ ದಿಕ್ಕು ಬದಲಿಸುವುದು. ಲಿಗಮೆಂಟಿಗಲ್ಲದೆ ಮಾಂಸಖಂಡಕ್ಕೋ ಅದನ್ನು ಮೂಳೆಗೆ ಸೇರಿಸುವ ಸ್ನಾಯುರಜ್ಜುವಿಗೋ ಪೆಟ್ಟಾಗಿದ್ದರೂ ಭಾರವನ್ನು ಹಂತಹಂತವಾಗಿ ಹೆಚ್ಚಿಸುವ ಕ್ರಮ ಬದಲಾಗುವುದಿಲ್ಲ. ಯಾವ ಹಂತ ಯಾವಾಗ ಎಂಬುದನ್ನು ಫಿಸಿಯೋಥೆರಪಿಸ್ಟ್ ಕಾಲನ್ನು ಪರೀಕ್ಷಿಸಿ ಹೇಳುತ್ತಾರೆ. ಮನೆಯವರು ತಾವಾಗಿ ನೋಡಿಕೊಳ್ಳಬಹುದಾದದ್ದೂ ಒಂದಿದೆ: ಹಿಮ್ಮಡಿ ನೆಲದಿಂದ ಏಳದಂತೆ ಕುಕ್ಕರುಗಾಲಿನಲ್ಲಿ ಮೊದಲಿನಂತೆ ಕೂರಲು ಬಾರದಿದ್ದರೆ ಕೀಲಿನ ಬಿಗಿತ ಇನ್ನೂ ಹೋಗಿಲ್ಲವೆಂದೇ ತಿಳಿಯಬೇಕು. ನೆಲದ ಶೌಚಾಲಯ ಬಳಸುವ, ಗದ್ದೆಯ ಬದುವಿನ ಮೇಲೆ ನಡೆಯುವ ನಮ್ಮ ಜನರಿಗೆ ಈ ಬಾಗುವಿಕೆ ಆಟಗಾರರಿಗಿಂತಲೂ ಹೆಚ್ಚು ಬೇಕು.

ಫಿಸಿಯೋಥೆರಪಿ ಎಂದರೆ ‘ಕರೆಂಟ್ ಕೊಡುವುದು’ ಎಂಬ ಭಾವನೆ ರೋಗಿಗಳಲ್ಲಿ ಬೇರೂರಿದೆ, ಅದಕ್ಕೆ ಕೆಲವು ಚಿಕಿತ್ಸಾಲಯಗಳೂ ನೀರೆರೆದಿವೆ. ಹೊಸ ಉಳುಕಿಗೆ, ನೋವಿನ ಜಾಗಕ್ಕೆ ಶಬ್ದತರಂಗ ಹಾಯಿಸುವ ಅಲ್ಟ್ರಾಸೌಂಡ್ ಯಂತ್ರದಿಂದ ಹೇಳಿಕೊಳ್ಳುವಂಥ ಲಾಭ ಕಂಡುಬಂದಿಲ್ಲ. ಫಲ ಕೊಡುವುದು ವಾರಗಟ್ಟಲೆ ತಪ್ಪದೆ ಮಾಡುವ ವ್ಯಾಯಾಮ, ಆದರೆ ಅದಕ್ಕೆ ದುಡ್ಡು ಕೊಡಲು ಯಾರಿಗೂ ಮನಸ್ಸಿಲ್ಲ. ಯಂತ್ರದ ಮುಂದೆ ಹತ್ತು ನಿಮಿಷ ಮಲಗಿ ಎದ್ದವರಿಗೆ ಚಿಕಿತ್ಸೆ ಮುಗಿದ ಸಮಾಧಾನ ಸಿಗುತ್ತದೆ, ಮನೆಯಲ್ಲಿ ಮಾಡಬೇಕಾದದ್ದು ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಆರೋಗ್ಯ ಇಲಾಖೆಯು ಉಳುಕಿಗೆಂದು ಬಂದವರಿಗೆ ಔಷಧ ಚೀಟಿಯ ಜೊತೆಗೆ ಚಿತ್ರಸಹಿತವಾದ ಕನ್ನಡದ ವ್ಯಾಯಾಮ ಹಾಳೆಯನ್ನು ಕೊಡುವ ವ್ಯವಸ್ಥೆ ಮಾಡಬೇಕು, ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟರ ಸೇವೆ ವಾರದ ನಿಗದಿತ ದಿನಗಳಲ್ಲಾದರೂ ಸಿಗುವಂತೆ ನೋಡಿಕೊಳ್ಳಬೇಕು. ಶಿಕ್ಷಣ ಇಲಾಖೆಯು ಕ್ರೀಡಾಕೂಟಗಳಿಗೆ ಮುನ್ನ ದೈಹಿಕ ಶಿಕ್ಷಕರಿಗೆ ಈ ತರಬೇತಿ ಕೊಡಿಸಲಿ. ಹಾಗೆಯೇ, ಉಳುಕಿದ ಕಾಲಿನ ಮೇಲೆ ನೋವಿಲ್ಲದೆ ಕುಪ್ಪಳಿಸಲಾಗದ ಮಗುವನ್ನು ಮುಂದಿನ ಹಂತಕ್ಕೆ ಕಳುಹಿಸಬಾರದೆಂದೂ, ಬದಲಿ ಆಟಗಾರರನ್ನು ಸೇರಿಸಿಕೊಳ್ಳಲು ಶಾಲೆಗೆ ಅವಕಾಶವಿದೆಯೆಂದೂ ಸುತ್ತೋಲೆಯಲ್ಲೇ ನಮೂದಿಸಲಿ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹಾಸನ ಜಿಲ್ಲೆ