ಒಂದು ಲೀಟರಿನ ಪ್ಯಾಕೆಟ್ ಒಂದು ಲೋಟಕ್ಕಲ್ಲ

ಮಾನ್ಯ ಸಂಪಾದಕರೇ,

ಮಳೆ ಹಿಡಿದಿದೆ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ವಾಂತಿ-ಭೇದಿಯೂ ಶುರುವಾಗಿದೆ. ಹೋದ ವಾರ ನಮ್ಮ ಲೈನಿನ ಮೂರು ವರ್ಷದ ಮಗುವಿಗೆ ಬೆಳಗ್ಗೆಯಿಂದ ನೀರಿನ ಹಾಗೆ ಭೇದಿ. ನಾನು ಹೋದಾಗ ತಾಯಿ ಓಆರ್‌ಎಸ್ (ಉಪ್ಪು-ಗ್ಲೂಕೋಸಿನ ಪುಡಿ ಕದಡಿದ ನೀರು) ಕುಡಿಸುತ್ತಿದ್ದರು. ಆದರೆ ಒಂದು ಲೀಟರ್ ನೀರಿಗೆ ಹಾಕಬೇಕಾದ ದೊಡ್ಡ ಪ್ಯಾಕೆಟನ್ನು ಪೂರ್ತಿ ಒಂದು ಲೋಟಕ್ಕೆ ಸುರಿದಿದ್ದರು! "ಸ್ಟ್ರಾಂಗ್ ಆಗಿ ಕೊಟ್ರೆ ಬೇಗ ಶಕ್ತಿ ಬರುತ್ತೆ ಅಲ್ವಾ ಸಾರ್" ಅಂದರು. ಅವರ ತಪ್ಪಲ್ಲ, ಯಾರೂ ಹೇಳಿಕೊಟ್ಟಿಲ್ಲ.

ನಾನು ಜಿಗಣೆಯ ಮಾತು ತೆಗೆದೆ. ಕಾಲಿಗೆ ಹತ್ತಿದ ಜಿಗಣೆಗೆ ಉಪ್ಪು ಮುಟ್ಟಿಸಿದರೆ ಮೈಯ ನೀರು ಹೊರಗೆ ಬಂದು, ಸುರುಟಿಕೊಂಡು ಬೀಳುತ್ತದೆ. ನಮ್ಮ ಕಡೆ ಇದನ್ನು ನೋಡದವರಿಲ್ಲ. ಜೀವಕೋಶದ ಸುತ್ತ ಇರುವ ತೆಳು ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪು-ಸಕ್ಕರೆಯನ್ನು ಹಾಗೆ ಸುಮ್ನೆ ಬಿಡುವುದಿಲ್ಲ, ಹಾಗಾಗಿ ಅವು ಯಾವ ಕಡೆ ಜಾಸ್ತಿಯೋ ಆ ಕಡೆಗೆ ನೀರು ಹೋಗುತ್ತದೆ. ಮಗುವಿನ ಕರುಳಿನಲ್ಲೂ ಅದೇ. ಸ್ಟ್ರಾಂಗ್ ಓಆರ್‌ಎಸ್ ಆಗಲಿ, ಅಂಗಡಿಯ ಸಿಹಿ ಜ್ಯೂಸ್ ಆಗಲಿ, ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ.

ಹಾಗಂತ ಬರೀ ನೀರೂ ಸಾಲದು. ಕರುಳಿನ ಜೀವಕೋಶದಲ್ಲಿ ಒಂದು ಬಾಗಿಲಿದೆ, ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಎರಡನ್ನೂ ಒಳಗೆ ಬಿಡುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. ಕಾಲರಾ ಬಂದರೂ ಈ ಬಾಗಿಲು ಕೆಡುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಸಾಲದೆ ಬಂದಾಗ ಡಾ. ದಿಲೀಪ್ ಮಹಾಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಬಂತು. ಅಷ್ಟು ದೊಡ್ಡ ಮದ್ದು ನಮ್ಮ ಲೈನಿನಲ್ಲಿ ಅಳತೆ ತಪ್ಪಿ ಹಾಳಾಗುತ್ತಿದೆಯಲ್ಲ ಎಂದು ಹೊಟ್ಟೆ ಉರಿಯುತ್ತದೆ.

ನಾನೀಗ ಲೈನಿನ ಪ್ರತಿ ಮನೆಗೂ ಒಂದು ಲೀಟರಿನ ಖಾಲಿ ಬಾಟಲಿ ಕೊಟ್ಟಿದ್ದೇನೆ. ಬೇರೆ ತೋಟದವರೂ ಕೊಡಲಿ, ಅದಕ್ಕೇನೂ ಖರ್ಚಿಲ್ಲ. ಔಷಧಿ ಅಂಗಡಿಯವರು ಪ್ಯಾಕೆಟ್ ಕೊಡುವಾಗ ಅಳತೆ ಬಾಯಿಬಿಟ್ಟು ಹೇಳಲಿ. ಸಣ್ಣ ಪ್ಯಾಕೆಟ್ 200 ಮಿಲಿಗೆ, ದೊಡ್ಡದು ಒಂದು ಲೀಟರಿಗೆ, ನೀರು ಕುದಿಸಿ ಆರಿಸಿದ್ದಿರಬೇಕು. ಮಗು ಕುಡಿಯಲು ಒಪ್ಪದಿದ್ದರೆ ಅಥವಾ ಮಂಕಾದರೆ ತಡಮಾಡದೆ ಆಸ್ಪತ್ರೆಗೆ. ಮಳೆ ಮುಗಿಯುವವರೆಗೆ ನಿಮ್ಮ ಪತ್ರಿಕೆಯಲ್ಲೂ ಇಷ್ಟನ್ನು ವಾರಕ್ಕೊಮ್ಮೆ ಹಾಕಿ. ಲೈನಿನಲ್ಲಿ ಈಗ ಅಸ್ಸಾಂ ಕಡೆಯವರೂ ಇದ್ದಾರೆ, ಚಿತ್ರ ಬರೆಸಿ ಹಾಕಿದರೆ ಅವರಿಗೂ ತೋರಿಸಬಹುದು.

ಇತಿ,
ಒಬ್ಬ ತೋಟದ ರೈಟರ್ (ಲೆಕ್ಕ ಬರೆಯುವವ)
ಸಿದ್ದಾಪುರ, ಕೊಡಗು