ಮಗು ರಾತ್ರಿ ಎದ್ದರೆ ಹಾಲು ಸಾಲ್ತಿಲ್ಲ ಅಂತಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪುರವಣೀಲಿ ಹಸುಗೂಸಿನ ನಿದ್ದೆ ಬಗ್ಗೆ ಅರ್ಧ ಪುಟ ಹಾಕಿದ್ರಿ. ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬ ಕುಡಿಸಿ ಮಲಗಿಸಿದ್ರೆ ಮಗು ಬೆಳಗಿನ ತನಕ ಏಳಲ್ಲ, ಎದ್ರೆ ತಾಯಿ ಹಾಲು ಸಾಲ್ತಿಲ್ಲ ಅಂತ ತಿಳ್ಕೊಳ್ಳಿ ಅಂತ. ಅದನ್ನ ನಮ್ಮಮ್ಮ ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿದಾರೆ. ಎರಡೂವರೆ ತಿಂಗಳಿಂದ ಹೆಂಗೋ ಏಗಿ ತಣ್ಣಗೆ ಮಾಡಿದ್ದ ಜಗಳ ಮತ್ತೆ ಶುರುವಾಗಿದೆ, ಅದಕ್ಕೇ ಈ ಪತ್ರ.

ನಾನು ಡಾಕ್ಟ್ರಲ್ಲ, ದಾವಣಗೆರೇಲಿ ಒಂದು ಹಾರ್ಡ್‌ವೇರ್ ಅಂಗಡೀಲಿ ಲೆಕ್ಕ ಬರೆಯೋನು. ಮೊದಲನೇ ಬಾಣಂತನ ತವರಲ್ಲೇ ಆಗ್ಬೇಕಿತ್ತು, ನಮ್ಮತ್ತೆಗೆ ಮಂಡಿ ಆಪರೇಷನ್ ಆಗಿದ್ರಿಂದ ನಮ್ಮನೇಲೇ ಆಯ್ತು, ಇಲ್ಲಾಂದಿದ್ರೆ ನಾನೂ ಬೇರೆ ಗಂಡಸರ ಥರ ಭಾನುವಾರ ಹಣ್ಣು ಹಿಡ್ಕೊಂಡು ಹೋಗಿ ಮಗೂನ ಹತ್ತು ನಿಮಿಷ ಎತ್ಕೊಂಡು ಸಂಜೆ ಬಸ್ ಹತ್ತಿ ಬರ್ತಿದ್ದೆ, ರಾತ್ರಿ ಮೂರು ಗಂಟೆ ಅನ್ನೋದು ಹೆಂಗಿರುತ್ತೆ ಅಂತಾನೇ ಗೊತ್ತಾಗ್ತಿರ್ಲಿಲ್ಲ.

ಮಗಳು ಹುಟ್ಟಿದ್ದು ಜುಲೈ 31ಕ್ಕೆ, ಸಿಸೇರಿಯನ್. ಮಾರನೇ ದಿನದಿಂದ ಸ್ತನ್ಯಪಾನ ಸಪ್ತಾಹ, ಆಗಸ್ಟ್ 1ರಿಂದ 7, ಆಸ್ಪತ್ರೆ ಕಾರಿಡಾರ್ ತುಂಬ ಎದೆಹಾಲು ಅಮೃತ ಅಂತ ಬ್ಯಾನರ್ ಕಟ್ಟಿದ್ರು. ಎರಡನೇ ರಾತ್ರಿ ಮಗು ಎದೆ ಬಿಡ್ತಾನೇ ಇಲ್ಲ, ಹತ್ತು ನಿಮಿಷ ಕುಡಿಯುತ್ತೆ, ಕಣ್ಣು ಮುಚ್ಚುತ್ತೆ, ತೊಟ್ಟಿಲಿಗೆ ಹಾಕಿದ ತಕ್ಷಣ ಮತ್ತೆ ಕಿರ್ ಅಂತ ಅಳು. ಒಂದೂವರೆಗೆ ಡ್ಯೂಟೀಲಿದ್ದೋರು ಬಂದು "ಹಾಲಿಲ್ಲಮ್ಮ ನಿಂಗೆ, ಕೆಳಗೆ ಮೆಡಿಕಲ್‌ನಲ್ಲಿ ಡಬ್ಬಿ ತರ್ಸು" ಅಂದು, ಡಬ್ಬಿ ಹೆಸ್ರನ್ನೂ ಅವ್ರೇ ಚೀಟೀಲಿ ಬರ್ಕೊಟ್ರು. ಅದೇ ಬ್ಯಾನರ್ ಕೆಳಗೆ ನಡ್ಕೊಂಡು ಹೋಗಿ ನಾನು ಡಬ್ಬಿ ತಂದೆ. ಡಬ್ಬಿ ಹಾಲಿನ ಪ್ರಚಾರ ಮಾಡೋ ಹಾಗಿಲ್ಲ, ತಾಯಂದ್ರಿಗೆ ಸ್ಯಾಂಪಲ್ ಕೊಡೋ ಹಾಗಿಲ್ಲ ಅಂತ 1992ರಲ್ಲೇ ಕಾನೂನು ಬಂದಿದೆಯಂತೆ, 2003ರಲ್ಲಿ ಇನ್ನೂ ಬಿಗಿ ಮಾಡಿದಾರೆ. ನಂಗೆ ಗೊತ್ತಾಗಿದ್ದು ಆಮೇಲೆ. ಮಗು ನೀಲಿಗಟ್ಟೋ ಹಂಗೆ ಅಳ್ತಿರೋವಾಗ ಯಾರಿಗೆ ನೆನಪಾಗುತ್ತೆ ಕಾನೂನು.

ನಿಜವಾಗ್ಲೂ ಏನಾಗ್ತಿತ್ತು ಅಂದ್ರೆ, ಮೊದಲ ದಿನ ಮಗು ಹೊಟ್ಟೆ ಒಂದು ಹೊತ್ತಿಗೆ ಹಿಡಿಯೋದೇ ಒಂದೆರಡು ಟೀ ಚಮಚ, ಬರೋದೂ ದಪ್ಪನೆ ಹಳದಿ ಮೊದಲ ಹಾಲು ನಾಕು ಹನಿ, ಅಷ್ಟೇ ಸಾಕು ಅದಕ್ಕೆ. ಪೂರ್ತಿ ಹಾಲು ಇಳಿಯೋದು ಮೂರನೇ ನಾಲ್ಕನೇ ದಿನಕ್ಕೆ, ಸಿಸೇರಿಯನ್ ಆದ್ರೆ ಇನ್ನೊಂಚೂರು ತಡ. ಎರಡನೇ ರಾತ್ರಿ ಮಗು ಬಿಡದೆ ಚೀಪೋದೇ ಆ ಹಾಲನ್ನ ಕರೆಯೋಕೆ. ಈ ನಾಕು ಮಾತು ಅವತ್ತು ಯಾರಾದ್ರೂ ಹೇಳಿದ್ರೆ ನನ್ನ ಹೆಂಡ್ತಿ ಬೆಳಗಿನ ತನಕ ಗೋಡೆ ಕಡೆ ತಿರುಗಿ ಅಳ್ತಿರ್ಲಿಲ್ಲ.

ಮನೆಗೆ ಬಂದ್ಮೇಲೆ ಬಂದೋರೆಲ್ಲ ಕೇಳೋದು ಒಂದೇ, "ರಾತ್ರಿ ಮಲಗುತ್ತಾ?" ಇಲ್ಲ ಅಂದ್ರೆ ಮುಂದಿನ ಮಾತು "ಹಾಲು ಸಾಲ್ತಿಲ್ಲ ಬಿಡು". ಒಬ್ರು ಬಜೆ ತೇದು ನೆಕ್ಕಿಸಿ ಅಂದ್ರು, ಒಬ್ರು ಗ್ರೈಪ್ ವಾಟರ್ ಅಂದ್ರು, ನಮ್ಮ ದೊಡ್ಡಮ್ಮ ಮೂರು ತಿಂಗಳಿಗೆ ರಾಗಿ ಸರಿ ಶುರು ಮಾಡು ಕಲ್ಲು ಬಿದ್ದಂಗೆ ಮಲಗುತ್ತೆ ಅಂದ್ರು. ಜೇನುತುಪ್ಪ ಅಂದೋರೂ ಇದ್ರು, ಅದಂತೂ ವರ್ಷದೊಳಗೆ ಮಗು ಬಾಯಿಗೆ ಸೋಕಿಸಲೇಬಾರ್ದು, ವಿಷವಾಗೋ ಕ್ರಿಮಿ ಅದ್ರಲ್ಲಿರಬಹುದು. ಸಂಜೆ ಆರರಿಂದ ಹತ್ತರ ತನಕ ಮಗು ಗಂಟೆ ಗಂಟೆಗೂ ಹಾಲಿಗೆ ಗೋಗರೆಯೋದನ್ನ ನೋಡಿ ನಮ್ಮಮ್ಮ ದಿನಾ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕೋರು. ನಾನು ಅದಕ್ಕೆ ಬೇಡ ಅನ್ಲಿಲ್ಲ, ದೃಷ್ಟಿ ತೆಗೆದ್ರೆ ಮಗು ಹೊಟ್ಟೆಗೇನೂ ಹೋಗಲ್ವಲ್ಲ.

ಏಳನೇ ದಿನ ಆಶಾ ಕಾರ್ಯಕರ್ತೆ ಬಂದ್ರು. ಆಸ್ಪತ್ರೇಲಿ ಹೆರಿಗೆ ಆದ್ರೆ 3, 7, 14, 21, 28, 42ನೇ ದಿನ ಅವ್ರು ಮನೆಗೆ ಬರ್ಬೇಕು ಅಂತ ಇದೆ. ಅವ್ರು ನಿದ್ದೆ ಬಗ್ಗೆ ಕೇಳ್ಲೇ ಇಲ್ಲ, "ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತೆ?" ಅಂದ್ರು. ನಮ್ಗ್ಯಾರಿಗೂ ಗೊತ್ತಿಲ್ಲ. ನಮ್ಮಮ್ಮಂಗೆ "ಎದೆಹಾಲು ಬಾವಿ ಇದ್ದಂಗೆ ಅಜ್ಜಿ, ಸೇದಿದಷ್ಟೂ ಊರೋದು, ನೀವು ರಾತ್ರಿ ಡಬ್ಬಿ ಕುಡಿಸಿದ್ರೆ ಸೇದೋರ್ಯಾರು" ಅಂತ ಅಂದ್ರು. ಹಾಲು ಊರಿಸೋ ಹಾರ್ಮೋನ್ ರಾತ್ರಿ ಹೊತ್ತೇ ಜಾಸ್ತಿ ಇರುತ್ತಂತೆ, ಅಂದ್ರೆ ರಾತ್ರಿ ಡಬ್ಬಿ ಕೊಟ್ಟು ತಾಯೀನ ಮಲಗಿಸೋದು ಸಹಾಯದ ಥರ ಕಂಡ್ರೂ ಮೊದಲ ವಾರಗಳಲ್ಲಿ ಹಾಲನ್ನೇ ಬತ್ತಿಸೋ ದಾರಿ. ನಿಜವಾಗ್ಲೂ ಹಾಲು ಕಮ್ಮಿ ಇರೋ ತಾಯಂದ್ರು ಇರ್ತಾರೆ, ಡಾಕ್ಟ್ರು ಹೇಳಿದ್ರೆ ಡಬ್ಬಿ ಕೊಡ್ಬೇಕು, ಅದ್ರಲ್ಲಿ ನಾಚಿಕೆ ಏನಿಲ್ಲ, ಆದ್ರೆ ಅದನ್ನ ತೂಕ ನೋಡಿ ಹೇಳ್ಬೇಕೇ ಹೊರತು ಅಳು ಕೇಳಿ ಅಲ್ಲ.

ಆ ರಾತ್ರಿಯಿಂದಾನೇ ನಾನು ಲೆಕ್ಕ ಇಡೋಕೆ ಶುರು ಮಾಡಿದ್ದು, ನಂಗೆ ಬರೋದೇ ಅದೊಂದು. ಅಡುಗೆಮನೆ ಗೋಡೆ ಮೇಲೆ ಹಾಲಿನವನ ಲೀಟರ್ ಬರೆಯೋ ಕ್ಯಾಲೆಂಡರ್ ಇತ್ತಲ್ಲ, ರಾಹುಕಾಲ ಗುಳಿಕಕಾಲದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮಗಳು ಕುಡಿದ ಟೈಮು ಬರೀತಾ ಹೋದೆ, ಒದ್ದೆ ಬಟ್ಟೆಗೆ ಒಂದು ಚುಕ್ಕೆ. ಆಗಸ್ಟ್ 9: ಸಂಜೆ 6.10, 7, 8.15, 9.20, ರಾತ್ರಿ 11.40, 2.05, 4.30. ಹಗಲಿಂದೂ ಸೇರಿ ಇಪ್ಪತ್ನಾಕು ಗಂಟೇಲಿ ಹನ್ನೊಂದು ಸಲ, ಚುಕ್ಕೆ ಎಂಟು. ಹನ್ನೆರಡನೇ ದಿನ ಮಕ್ಕಳ ಡಾಕ್ಟ್ರ ಹತ್ರ ಹೋದಾಗ ಆ ಹಾಳೆ ಫೋಟೋ ತೋರಿಸ್ದೆ. ಅವ್ರು ನಕ್ಕು, ಎಂಟರಿಂದ ಹನ್ನೆರಡು ಸಲ ಕುಡಿಯೋದು ಸರಿಯಾದ ಲೆಕ್ಕಾನೇ, ಆರಕ್ಕಿಂತ ಜಾಸ್ತಿ ಸಲ ಉಚ್ಚೆ ಹೊಯ್ತಿದೆ ಅಂದ್ರೆ ಹಾಲು ಒಳಗೆ ಹೋಗ್ತಿದೆ ಅಂತ ಅಂದ್ರು. ತೂಕ ಹುಟ್ಟಿದಾಗ 2.9 ಕೆಜಿ ಇದ್ದಿದ್ದು ಮೂರನೇ ದಿನ 2.7ಕ್ಕೆ ಇಳಿದು ಅವತ್ತು 2.95 ಆಗಿತ್ತು. ಮೊದಲು ಇಳಿದು ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರೋದು ಮಾಮೂಲಂತೆ. ಡಬ್ಬೀಲಿ ಮುಕ್ಕಾಲು ಪಾಲು ಹಂಗೇ ಉಳೀತು.

ಇನ್ನೊಂದು ವಿಷ್ಯ. ಮಲಗಿರೋ ಮಗೂನ ಎಬ್ಬಿಸಬಾರ್ದು ಅಂತ ನಮ್ಮಲ್ಲಿ ಹೇಳ್ತಾರೆ, ಆದ್ರೆ ಹುಟ್ಟಿದ ತೂಕ ವಾಪಸ್ ಬರೋ ತನಕ ಮೂರ್ನಾಕು ಗಂಟೆ ಮೇಲೆ ಎದ್ದಿಲ್ಲ ಅಂದ್ರೆ ಎಬ್ಬಿಸಿ ಕುಡಿಸ್ಬೇಕು. ಕಾಮಾಲೆ ಇರೋ ಮಗು ಮಂಪರಲ್ಲೇ ಇರುತ್ತೆ, ಮನೆಯವ್ರು ಪಾಪ ಎಷ್ಟು ಸಾಧು ಮಗು ಅಂತ ಖುಷಿ ಪಡ್ತಾರೆ, ಅದು ಖುಷಿ ಪಡೋ ವಿಷ್ಯ ಅಲ್ಲ. ನಿಮ್ಮ ಲೇಖನದಲ್ಲಿ ಇದೊಂದು ಸಾಲಾದ್ರೂ ಇರ್ಬೇಕಿತ್ತು.

ಹಗಲು ರಾತ್ರಿ ಅದಲು ಬದಲು ಆಗಿರೋದಕ್ಕೂ ತಾಯಿ ಹಾಲಿಗೂ ಸಂಬಂಧ ಇಲ್ಲ. ಹುಟ್ಟಿದ ಮಗು ದಿನಕ್ಕೆ ಹದಿನಾಲ್ಕರಿಂದ ಹದಿನೇಳು ಗಂಟೆ ಮಲಗುತ್ತೆ, ಎರಡು ಮೂರು ಗಂಟೆ ತುಂಡು ತುಂಡಾಗಿ, ರಾತ್ರಿ ಅನ್ನೋದು ಒಂದಿದೆ ಅಂತ ಮೈಗೆ ಗೊತ್ತಾಗೋದೇ ಎರಡು ಮೂರು ತಿಂಗಳ ಮೇಲೆ. ನಾವು ಮಾಡಿದ್ದೇನು? ಬಾಣಂತಿ ಕೋಣೆ ಕಿಟಕಿಗೆಲ್ಲ ಹಳೇ ಸೀರೆ ಕಟ್ಟಿ ಹಗಲೆಲ್ಲ ಕತ್ತಲು, ಬೆಳಿಗ್ಗೆ ಹತ್ತಕ್ಕೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿದ್ಮೇಲೆ ಸದ್ದು ಮಾಡ್ಬೇಡಿ ಅಂತ ಕುಕ್ಕರ್ ಕೂಡ ಇಡ್ತಿರ್ಲಿಲ್ಲ, ರಾತ್ರಿ ಅತ್ತ ತಕ್ಷಣ ಟ್ಯೂಬ್‌ಲೈಟ್ ಹಾಕಿ ಮನೆಮಂದಿಯೆಲ್ಲ ಎದ್ದು ಮಾತಾಡಿಸೋದು. ಮಗು ಪಾಪ ಇನ್ನೇನು ತಿಳ್ಕೊಳ್ಳುತ್ತೆ. ಈಗ ಹಗಲು ಕಿಟಕಿ ತೆಗೆದಿರ್ತೀವಿ, ಕುಕ್ಕರ್ ಕೂಗ್ಲಿ ಬಿಡು ಅಂತೀವಿ, ರಾತ್ರಿ ಜೀರೋ ಬಲ್ಬ್ ಒಂದೇ, ಕುಡಿಸಿ ತೇಗಿಸಿ ಮಾತಿಲ್ಲದೆ ಅಂಗಾತ ಮಲಗಿಸೋದು. ಸಾಸಿವೆ ದಿಂಬೂ ತೆಗೆದ್ವಿ, ಅದಕ್ಕೆ ಮಾತ್ರ ನಮ್ಮಮ್ಮ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ.

ಹಸುಗೂಸು ನಿದ್ದೇಲಿ ಎಷ್ಟು ಸದ್ದು ಮಾಡುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಎಳೇ ಕರು ಥರ ಮುಲುಗುತ್ತೆ, ಮುಖ ಕಿವುಚುತ್ತೆ, ಕೈ ಎತ್ತಿ ಹಾಕುತ್ತೆ, ಒಂದು ಸಲ ನಗುತ್ತೆ ಕೂಡ. ಅದ್ರ ಅರ್ಧ ನಿದ್ದೆ ಹಂಗೇನೇ. ಮೊದಮೊದಲು ಪ್ರತಿ ಮುಲುಕಿಗೂ ಎತ್ಕೊಂಡು ನಾವೇ ಅದನ್ನ ಎಬ್ಬಿಸ್ತಿದ್ವಿ, ಈಗ ನಿಮಿಷ ಕಾಯ್ತೀವಿ, ಎಷ್ಟೋ ಸಲ ಹಂಗೇ ಮಲಗುತ್ತೆ.

ಹಾಲು ಕುಡಿಸೋದು ಮಾತ್ರ ನನ್ನ ಕೈಲಾಗಲ್ಲ, ಬಟ್ಟೆ ಬದಲಾಯಿಸೋದು, ಬೆನ್ನು ತಟ್ಟಿ ತೇಗಿಸೋದು, ಅವಳಿಗೊಂದು ಚೊಂಬು ನೀರು ತಂದಿಡೋದು ಇದೆಲ್ಲ ಆಗುತ್ತೆ. ಆದ್ರೆ ಬೆಳಿಗ್ಗೆ ಒಂಬತ್ತಕ್ಕೆ ಅಂಗಡೀಲಿರ್ಬೇಕು. ತಾಯಿಗೆ 2017ರಿಂದ 26 ವಾರ ಸಂಬಳದ ರಜೆ ಆಯ್ತು, ಸಂತೋಷ, ಅದೂ ಹೆರಿಗೆ ರಜೆ ಕಾನೂನಿನ ಕೆಳಗೆ ಬರೋ ಕೆಲಸ ಇರೋರಿಗೆ. ಅಪ್ಪಂಗೆ ಸರ್ಕಾರಿ ನೌಕರಿ ಇದ್ರೆ 15 ದಿನ ಇದೆ, ನಮ್ಮಂಥ ಅಂಗಡಿ ನೌಕರರಿಗೆ ಕಾನೂನಲ್ಲಿ ಒಂದು ದಿನಾನೂ ಇಲ್ಲ. ನಾನು ನಾಕು ದಿನ ಸಂಬಳ ಕಟ್ ಮಾಡಿಸ್ಕೊಂಡು ರಜೆ ಹಾಕಿದ್ದಕ್ಕೆ "ನೀನೇನು ಹೆತ್ತಿದ್ಯೇನೋ" ಅಂತ ಕೇಳಿದ್ರು.

ಕೇಳ್ಕೊಳ್ಳೋದು ಇಷ್ಟು. ಆಸ್ಪತ್ರೆಯವ್ರು ಡಿಸ್ಚಾರ್ಜ್ ಮಾಡೋವಾಗ ಬಿಲ್ ಜೊತೆ ಒಂದು ಹಾಳೆ ಕೊಡ್ಲಿ, ಎರಡನೇ ರಾತ್ರಿ ಹೆಂಗಿರುತ್ತೆ, ಎಷ್ಟು ಸಲ ಕುಡಿಯುತ್ತೆ, ಎಷ್ಟು ಸಲ ಒದ್ದೆ ಮಾಡುತ್ತೆ, ಯಾವಾಗ ಓಡಿ ಬರ್ಬೇಕು ಅಂತ, ತಾಯಿ ಕಾರ್ಡ್ ಒಳಗೇ ಪಿನ್ ಮಾಡಿ ಕೊಟ್ರೂ ಆಯ್ತು. ಅದನ್ನ ಅತ್ತೆ ಅಥವಾ ಅಜ್ಜಿ ಎದುರಿಗೇ ಓದಿ ಹೇಳ್ಬೇಕು, ಬಾಣಂತಿಗೆ ಒಬ್ಬಳಿಗೇ ಹೇಳಿದ್ರೆ ಮನೇಲಿ ಅವಳ ಮಾತು ನಡೆಯಲ್ಲ. ನೀವು ಒಂದು ತಿದ್ದುಪಡಿ ಹಾಕಿ, ಅದೇ ಪುರವಣೀಲಿ, ಅದೇ ಸೈಜಲ್ಲಿ, ನಮ್ಮಮ್ಮ ಅದನ್ನೂ ಕತ್ತರಿಸಿ ಅಂಟಿಸ್ತಾರೆ, ಪತ್ರಿಕೇಲಿ ಬಂದಿದ್ದು ಅಂದ್ರೆ ಅವ್ರಿಗೆ ಅಷ್ಟು ನಂಬಿಕೆ. ಬೇಕಾದ್ರೆ ಆಗಸ್ಟ್ ಹಾಳೆ ಫೋಟೋ ಕಳಿಸ್ತೀನಿ, ಛಾಪಿಸಿ, ಹಾಲಿನವನ ಲೆಕ್ಕ ಇರೋ ಮೂಲೆ ಮಾತ್ರ ಕತ್ತರಿಸಿಬಿಡಿ, ಅವನಿಗೆ ಇನ್ನೂ ಒಂಬತ್ತು ಲೀಟರ್ ಬಾಕಿ ಕೊಡೋದಿದೆ.

ಇಂತಿ,
ಒಬ್ಬ ಓದುಗ, ದಾವಣಗೆರೆ